ಹಳೇ ಎಂಜಿಬಿ ಸ್ಟಾರ್ಟ್ ಆಗ್ತಿಲ್ವಾ? ಮೊದಲು ಪಂಪ್ ಸದ್ದು ಕೇಳಿ

ಹೊಸದಾಗಿ ಎಂಜಿಬಿ (ಬ್ರಿಟನ್ನಿನ ಎಂಜಿ ಕಂಪನಿಯ ಹಳೇ ಸ್ಪೋರ್ಟ್ಸ್ ಕಾರು) ತಗೊಂಡವರು ಸುಮ್ನೆ ಕಾರ್ಬ್ಯುರೇಟರ್‌ಗೆ ಕೈ ಹಾಕಬೇಡಿ. ಕೀ ತಿರುಗಿಸಿ, ಹಿಂದುಗಡೆ ಪೆಟ್ರೋಲ್ ಪಂಪಿನ ಟಿಕ್ ಟಿಕ್ ಕೇಳಿ. ಜೋರಾಗಿ ಶುರುವಾಗಿ, ಕಾರ್ಬ್ಯುರೇಟರ್ ತುಂಬಿದ ಮೇಲೆ ನಿಂತರೆ ಪಂಪ್ ಸರಿ ಇದೆ. ನಿಲ್ಲದೆ ಬಡಿಯುತ್ತಲೇ ಇದ್ದರೆ ಟ್ಯಾಂಕ್ ಖಾಲಿ ಇರಬೇಕು, ಇಲ್ಲಾಂದ್ರೆ ಪೈಪ್ ಜಾಯಿಂಟಲ್ಲಿ ಗಾಳಿ ಎಳೆಯುತ್ತಿದೆ, ಅದೂ ಅಲ್ಲದಿದ್ದರೆ ಫ್ಲೋಟ್ ವಾಲ್ವ್ (ಕಾರ್ಬ್ಯುರೇಟರ್ ತುಂಬಿದಾಗ ಪೆಟ್ರೋಲ್ ತಡೆಯುವ ವಾಲ್ವ್) ಸೋರುತ್ತಿದೆ. ಸದ್ದೇ ಇಲ್ವಾ? ಪಂಪಿನ ಅರ್ತಿಂಗ್ ವೈರ್ ಬಿಚ್ಚಿ, ತುಕ್ಕು ಉಜ್ಜಿ, ಬಿಗಿಯಾಗಿ ಹಾಕಿ. ಜಾಸ್ತಿ ಸಲ ತೊಂದರೆ ಅಲ್ಲೇ ಇರುತ್ತೆ. ಆಗಲೂ ಓಡದಿದ್ದರೆ ಸ್ಕ್ರೂಡ್ರೈವರ್ ಹಿಡಿಯಿಂದ ಪಂಪನ್ನು ಮೆಲ್ಲಗೆ ತಟ್ಟಿ. ತಟ್ಟಿದ್ದಕ್ಕೆ ಓಡಿತು ಅಂದ್ರೆ ಪಂಪಿನೊಳಗಿನ ಪಾಯಿಂಟ್ಸ್ (ಕರೆಂಟ್ ಕೊಟ್ಟು ಕಡಿಯುವ ಕಾಂಟ್ಯಾಕ್ಟ್‌ಗಳು) ಕೆಟ್ಟಿವೆ.

ಇನ್ನೊಂದು, 1967ರವರೆಗಿನ ಗಾಡಿಗಳಿಗೆ ಪಾಸಿಟಿವ್ ಅರ್ತಿಂಗ್, ಅಂದ್ರೆ ಬ್ಯಾಟರಿಯ ಪ್ಲಸ್ ತುದಿ ಗಾಡಿಯ ಬಾಡಿಗೆ ಸೇರಿರುತ್ತೆ. ಹಿಂದಿನ ಮಾಲೀಕರು ಬದಲಾಯಿಸಿರಲೂಬಹುದು, ನೋಡಿಕೊಂಡೇ ಬ್ಯಾಟರಿ ಹಾಕಿ. ಉಲ್ಟಾ ಆದರೆ, ಆಮೇಲೆ ಹಾಕಿಸಿದ ಎಲೆಕ್ಟ್ರಾನಿಕ್ ಇಗ್ನಿಷನ್ ಇದ್ದರೆ, ಅದು ಸುಟ್ಟೇ ಹೋಗುತ್ತೆ.