ಗನ್ ಇಲ್ಲದ ಆಟಕ್ಕೂ ಹುಡುಗರು ಕಾದು ನಿಲ್ಲುತ್ತಾರೆ

ಶಿವಮೊಗ್ಗದಲ್ಲಿ ನನ್ನದೊಂದು ಸಣ್ಣ ಗೇಮಿಂಗ್ ಸೆಂಟರ್ ಇದೆ. ಒಂದು ಸಾಲು ಕಂಪ್ಯೂಟರ್, ಎರಡು ಪ್ಲೇಸ್ಟೇಷನ್, ಗಂಟೆ ಲೆಕ್ಕದಲ್ಲಿ ಬಾಡಿಗೆ. ಇಂಥ ಸೆಂಟರ್‌ಗಳು ನಡೆಯುವುದೇ ವ್ಯಾಲರಂಟ್, ಕೌಂಟರ್ ಸ್ಟ್ರೈಕ್, ಜಿಟಿಎ ತರದ ಗುಂಡು ಹಾರಿಸುವ ಆಟಗಳ ಮೇಲೆ. ನನ್ನದೂ ಹಾಗೇ ಶುರುವಾಯಿತು. ಈಗ ಹೆಚ್ಚುಕಮ್ಮಿ ಅರ್ಧ ಹೊತ್ತು ಗುಂಡು ಹಾರದ ಆಟಗಳು ಓಡುತ್ತವೆ. ಬಾಡಿಗೆ ಕಮ್ಮಿಯಾಗಿಲ್ಲ. ಇದು ಹೇಗಾಯಿತು ಅಂತ ಕೇಳುವ ಅಪ್ಪ ಅಮ್ಮಂದಿರು ಜಾಸ್ತಿ, ಅದಕ್ಕೇ ಬರೆಯುತ್ತಿದ್ದೇನೆ.

ಗನ್ ಗೇಮ್ ಆಡಿದವರೆಲ್ಲ ಬೀದಿಯಲ್ಲಿ ಹೊಡೆದಾಟಕ್ಕೆ ಇಳಿಯುತ್ತಾರೆ ಎಂದು ನಾನು ನಂಬುವುದಿಲ್ಲ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದವರು ಬ್ರಿಟನ್ನಿನ 14-15 ವಯಸ್ಸಿನ ಸಾವಿರದಷ್ಟು ಮಕ್ಕಳ ಬಗ್ಗೆ 2019ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹಿಂಸೆಯ ಗೇಮ್‌ಗೂ ಮಕ್ಕಳ ಜಗಳಗಂಟತನಕ್ಕೂ ಅವರಿಗೆ ನಂಟು ಕಾಣಲಿಲ್ಲ. ಆದರೂ ಒಂಬತ್ತು ವರ್ಷದ ಹುಡುಗ ಫುಟ್‌ಪಾತ್ ಮೇಲೆ ಹೋಗುವವರಿಗೆ ಕಾರು ಗುದ್ದಿಸಿ ನಗುವುದನ್ನು ಪಕ್ಕದಲ್ಲೇ ನಿಂತು ನೋಡಲು ನನ್ನ ಕೈಲಿ ಆಗಲಿಲ್ಲ. ಜಿಟಿಎ 5ರ ಡಬ್ಬಿಯ ಮೇಲೇ 18 ಅಂತ ದಪ್ಪಗೆ ಅಚ್ಚು ಹಾಕಿರುತ್ತಾರೆ. ದುಡ್ಡು ಕೊಟ್ಟ ಅಂತ ಚಿಕ್ಕ ಮಗುವನ್ನು ಅದರ ಮುಂದೆ ಕೂರಿಸುವುದು ತಪ್ಪು.

ಹಾಗಂತ ಬರೀ "ಬೇಡ" ಅಂದರೆ ಏನೂ ಆಗುವುದಿಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಪಬ್ಜಿ ಎಂಬ ಮೊಬೈಲ್ ಗನ್ ಗೇಮ್ ನಿಲ್ಲಿಸಿದಾಗ ಹುಡುಗರು ಅಂಥದ್ದೇ ಆದ ಫ್ರೀ ಫೈರ್‌ಗೆ ಹೋದರು. 2022ರ ಫೆಬ್ರವರಿಯಲ್ಲಿ ಅದೂ ಹೋಯಿತು. ಅಷ್ಟರಲ್ಲಿ ಪಬ್ಜಿಯೇ ಬಿಜಿಎಂಐ ಎಂಬ ಹೆಸರಲ್ಲಿ ವಾಪಸ್ ಬಂದಿತ್ತು. ಆಟ ಬದಲಾದರೂ ಆ ಹುಡುಗರಿಗೆ ಬೇಕಾದದ್ದು ಬದಲಾಗಿರಲಿಲ್ಲ. ಹಾಗಾದರೆ ಅವರಿಗೆ ಬೇಕಾದದ್ದಾದರೂ ಏನು? ಅದನ್ನು ತಿಳಿಯಲು ನಾನು ಕೌಂಟರ್ ಬಿಟ್ಟು ಅವರ ಕುರ್ಚಿಯ ಹಿಂದೆ ನಿಲ್ಲಲು ಶುರು ಮಾಡಿದೆ.

ಚಿಕ್ಕವರು "ಅಣ್ಣಾ, ಜಿಟಿಎ ಹಾಕ್ಕೊಡಿ" ಅಂತ ಬರುತ್ತಾರೆ. ಆದರೆ ಮಿಷನ್, ಅಂದರೆ ಆಟ ಕೊಡುವ ಕೆಲಸಗಳನ್ನು ಆಡುವುದೇ ಇಲ್ಲ. ಒಂದು ಒಳ್ಳೆ ಬೈಕ್ ಹುಡುಕುತ್ತಾರೆ, ಊರೆಲ್ಲ ಸುತ್ತುತ್ತಾರೆ, ಬೆಟ್ಟ ಹತ್ತಿಸುತ್ತಾರೆ. ಇವರಿಗೆ ಬೇಕಿದ್ದದ್ದು ಗಾಡಿ! ಅದೇ ಹುಡುಗರು ಮನೆಯಲ್ಲಿ ಅಮ್ಮನ ಫೋನಿನಲ್ಲಿ ಬಸ್ ಸಿಮ್ಯುಲೇಟರ್ ಇಂಡೋನೇಷ್ಯಾ ಹಾಕಿಕೊಂಡು, ಬಸ್ಸಿಗೆ ನಮ್ಮ ಐರಾವತದ ಬಣ್ಣ ಬಳಿದು ಓಡಿಸುತ್ತಾರೆ ಎಂದು ಆಮೇಲೆ ಗೊತ್ತಾಯಿತು.

ಸೆಕೆಂಡ್ ಹ್ಯಾಂಡ್‌ನಲ್ಲಿ ಒಂದು ಸ್ಟಿಯರಿಂಗ್ ವೀಲ್ ತಂದೆ. ಒಂದು ಕಂಪ್ಯೂಟರ್‌ಗೆ ಅದನ್ನು ಕೂರಿಸಿ ಯೂರೋ ಟ್ರಕ್ ಸಿಮ್ಯುಲೇಟರ್ 2 ಹಾಕಿದೆ. ಪ್ರಾಗ್‌ನ ಕಂಪನಿಯೊಂದು 2012ರಲ್ಲಿ ಬಿಟ್ಟ ಆಟ. ಯುರೋಪಿನ ರಸ್ತೆಗಳನ್ನು ಕುಗ್ಗಿಸಿ ಇಟ್ಟಿದ್ದಾರೆ. ಒಂದೂರಿಂದ ಇನ್ನೊಂದೂರಿಗೆ ಲೋಡ್ ಮುಟ್ಟಿಸಬೇಕು. ಕೆಂಪು ದೀಪ ದಾಟಿದರೆ ದಂಡ, ಸ್ಪೀಡ್ ಜಾಸ್ತಿಯಾದರೆ ದಂಡ, ರಾತ್ರಿ ಲೈಟ್ ಹಾಕದಿದ್ದರೂ ದಂಡ. ಜಿಟಿಎಯಲ್ಲಿ ಸಿಗ್ನಲ್ ನೋಡದವನು ಇಲ್ಲಿ ದುಡ್ಡು ಹೋಗುತ್ತದೆ ಅಂತ ಸುಮ್ನೆ ನಿಂತು ಹಸಿರಿಗೆ ಕಾಯುತ್ತಾನೆ.

ಎಲ್ಲಕ್ಕಿಂತ ಕಷ್ಟ, ಎಲ್ಲಕ್ಕಿಂತ ಮಜಾ ಅಂದರೆ ಕೊನೆಗೆ ಟ್ರೇಲರನ್ನು ರಿವರ್ಸ್‌ನಲ್ಲಿ ಗೋಡೌನಿಗೆ ಸೇರಿಸುವುದು. ಟ್ರೇಲರ್ ಹಿಂಭಾಗ ಎಡಕ್ಕೆ ಹೋಗಬೇಕೆಂದರೆ ಸ್ಟಿಯರಿಂಗನ್ನು ಬಲಕ್ಕೆ ತಿರುಗಿಸಬೇಕು. ಹತ್ತು ವರ್ಷದವನೊಬ್ಬ ಅದರಲ್ಲಿ ಒದ್ದಾಡುತ್ತಿದ್ದಾಗ ಅವನನ್ನು ಕರೆದುಕೊಂಡು ಹೋಗಲು ಅಪ್ಪ ಬಂದರು. ಅವರು ಲಾರಿ ಡ್ರೈವರ್. ಬಾಗಿಲಲ್ಲೇ ನಿಂತು ನೋಡಿದರು, ಆಮೇಲೆ ತಡೆಯಲಾಗದೆ ಒಳಗೆ ಬಂದರು. "ಅಷ್ಟೊಂದು ತಿರುಗಿಸ್ಬೇಡ್ವೋ, ಸ್ವಲ್ಪ ಸ್ವಲ್ಪ ಕೊಡು. ಕನ್ನಡಿ ನೋಡು, ಕನ್ನಡಿ!" ಎಂದರು. ಟ್ರೇಲರ್ ಗೆರೆಯೊಳಗೆ ಕೂತಾಗ ಅಪ್ಪ ಮಗ ಇಬ್ಬರೂ ಕಿರುಚಿದರು. ಈಗ ಆ ವೀಲ್ ಮುಂದೆ ಯಾವಾಗಲೂ ಒಬ್ಬರಾದರೂ ಕಾಯುತ್ತಿರುತ್ತಾರೆ.

ಪಿಯುಸಿ, ಡಿಗ್ರಿ ಹುಡುಗರ ಕತೆ ಬೇರೆ. ನಾಲ್ಕೈದು ಜನ ಒಟ್ಟಿಗೆ ಬರುತ್ತಾರೆ, "ಮಗಾ ಕವರ್ ಕೊಡೋ, ಹಿಂದೆ ಬಂದ ನೋಡು" ಎಂದು ಕೂಗುತ್ತಾರೆ. ಅವರಿಗೆ ಬೇಕಾದದ್ದು ಗೆಳೆಯರು, ಗಡಿಬಿಡಿ, ಕೊನೇ ಹತ್ತು ಸೆಕೆಂಡಿನ ಎದೆಬಡಿತ. ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದವರು ಸೇರಿ ಮಾಡಿದ 2009ರ ಒಂದು ಅಧ್ಯಯನವೂ ಇಂಥದ್ದನ್ನೇ ಹೇಳಿತ್ತು. ರಕ್ತ ಜಾಸ್ತಿ ಮಾಡಿದರೆ ಖುಷಿ ಅಷ್ಟೇನೂ ಹೆಚ್ಚುವುದಿಲ್ಲ. ನನ್ನ ಕೈಲಿ ಆಯಿತು, ನಾನೇ ಆರಿಸಿಕೊಂಡೆ ಎಂಬ ಭಾವನೆಯೇ ಆಟಗಾರರನ್ನು ಹಿಡಿದಿಡುತ್ತದೆ.

ಇವರಿಗಾಗಿ ಬಾಗಿಲಿಗೆ ಎದುರಿನ ಟಿವಿಯಲ್ಲಿ ಓವರ್‌ಕುಕ್ಡ್ ಹಾಕಿದೆ. ನಾಲ್ಕು ಜನ ಸೇರಿ ಅಡುಗೆ ಮಾಡುವ ಆಟ. ಹೆಸರು ಕೇಳಿ ಯಾರೂ ಮುಟ್ಟಲಿಲ್ಲ. ಮೊದಲ ಅರ್ಧ ಗಂಟೆಗೆ ದುಡ್ಡು ಬೇಡ ಅಂದೆ, ಸಿಸ್ಟಮ್ ಖಾಲಿಯಾಗಲಿ ಅಂತ ಕಾಯುತ್ತಿದ್ದ ಒಂದು ಗುಂಪು ಕೂತಿತು. ಮೂರು ಈರುಳ್ಳಿ ಹೆಚ್ಚಿ ಪಾತ್ರೆಗೆ ಹಾಕಿದರೆ ಒಂದು ಸೂಪ್. ಆರ್ಡರ್ ಒಂದರ ಹಿಂದೆ ಒಂದು ಬರುತ್ತಲೇ ಇರುತ್ತದೆ. ತಟ್ಟೆ ತೊಳೆಯುವವನು ಮರೆತರೆ ಬಡಿಸಲು ತಟ್ಟೆ ಇಲ್ಲ. ಪಾತ್ರೆ ಮರೆತರೆ ಬೆಂಕಿ. ಬೆಂಕಿ ಪಕ್ಕದ ಒಲೆಗೂ ಹಬ್ಬುತ್ತದೆ. ಐದು ನಿಮಿಷದಲ್ಲಿ "ಲೋ ತಟ್ಟೆ ತೊಳ್ಯೋ! ಈರುಳ್ಳಿ ಎಲ್ಲೋ?" ಎಂಬ ಕೂಗು ರಸ್ತೆಗೆ ಕೇಳುತ್ತಿತ್ತು. ವ್ಯಾಲರಂಟ್ ಆಡುವಾಗಿನ ಅದೇ ಗಂಟಲು, ಅದೇ ಗಡಿಬಿಡಿ! ಮೂರು ಸ್ಟಾರ್ ಬರುವವರೆಗೂ ಅವರು ಏಳಲಿಲ್ಲ.

ನನಗೆ ತುಂಬಾ ಖುಷಿ ಕೊಟ್ಟದ್ದು ಇನ್ನೊಂದು. ಮೊದಲು ನಮ್ಮಲ್ಲಿಗೆ ಹೆಣ್ಣುಮಕ್ಕಳು ಬರುತ್ತಲೇ ಇರಲಿಲ್ಲ. ಓವರ್‌ಕುಕ್ಡ್ ಬಂದ ಮೇಲೆ ಹುಡುಗರು ಭಾನುವಾರ ಅಕ್ಕ ತಂಗಿಯರನ್ನು ಕರೆತರತೊಡಗಿದರು. ಈಗ ಅವರೇ ಗೆಳತಿಯರ ಜೊತೆ ಬರುತ್ತಾರೆ. ಸೆಂಟರಿನ ಗಾಳಿಯೇ ಬದಲಾಗಿದೆ, ಕೆಟ್ಟ ಬೈಗುಳ ತಾನಾಗಿ ಕಮ್ಮಿಯಾಗಿದೆ.

ರ‍್ಯಾಂಕ್ ಬೇಕು, ಪೈಪೋಟಿ ಬೇಕು ಎನ್ನುವವರಿಗೆ ರಾಕೆಟ್ ಲೀಗ್ ಕೊಡುತ್ತೇನೆ. ಕಾರುಗಳು ಫುಟ್ಬಾಲ್ ಆಡುತ್ತವೆ, ಒಂದು ಮ್ಯಾಚ್ ಐದು ನಿಮಿಷ. 2020ರಿಂದ ಉಚಿತ. ಎಲ್ಲಕ್ಕಿಂತ ಕೆಳಗಿನ ಬ್ರಾಂಜ್‌ನಿಂದ ಮೇಲಕ್ಕೆ ಏರಲು ಬೆವರು ಹರಿಸಬೇಕು, ಅದೇ ಅವರಿಗೆ ಇಷ್ಟ. ಕೆಲಸ ಮುಗಿಸಿ ಸುಸ್ತಾಗಿ ಬರುವ ದೊಡ್ಡವರಿಗೆ ಸ್ಟಾರ್‌ಡ್ಯೂ ವ್ಯಾಲಿ. ಎರಿಕ್ ಬರೋನ್ ಎಂಬಾತ ನಾಲ್ಕು ವರ್ಷಕ್ಕೂ ಜಾಸ್ತಿ ಒಬ್ಬನೇ ಕೂತು ಮಾಡಿ 2016ರಲ್ಲಿ ಬಿಟ್ಟ ಬೇಸಾಯದ ಆಟ. ಗಣಿಯೊಳಗೆ ಇಳಿದರೆ ಮಾತ್ರ ಕತ್ತಿ ಹಿಡಿಯಬೇಕು. ಬ್ಲಾಕ್ ಜೋಡಿಸಿ ಕಟ್ಟುವ ಮೈನ್‌ಕ್ರಾಫ್ಟ್ ಆಡುವ ಮಕ್ಕಳಿದ್ದರೆ ಸೆಟ್ಟಿಂಗ್‌ನಲ್ಲಿ ಪೀಸ್‌ಫುಲ್ ಇಡಿ, ಮೇಲೆ ಬೀಳುವ ರಾಕ್ಷಸರು ಬರುವುದೇ ಇಲ್ಲ. ಲೆಕ್ಕ, ಸ್ಪೆಲಿಂಗ್ ಕಲಿಸುವ ಗೇಮ್‌ಗಳನ್ನು ಹಾಕಿ ಅಂತ ಕೆಲವು ಪೋಷಕರು ಕೇಳುತ್ತಾರೆ. ಆಡಲು ಬಂದ ಮಗುವಿಗೆ ಪಾಠ ಹಾಕಿಕೊಟ್ಟರೆ ಅದು ಪಕ್ಕದ ಗನ್ ಗೇಮನ್ನೇ ನೋಡುತ್ತಾ ಕೂರುತ್ತದೆ.

ಶೂಟಿಂಗ್ ಆಟಗಳನ್ನು ನಾನು ತೆಗೆದಿಲ್ಲ. ದೊಡ್ಡವರಿಗೆ ಒಳಗಿನ ಸಾಲಿನಲ್ಲಿ ಇವೆ. ವ್ಯಾಲರಂಟ್ ಸೆಟ್ಟಿಂಗ್‌ನಲ್ಲಿ ರಕ್ತ ಕಾಣದಂತೆ ಮಾಡಬಹುದು, ನಮ್ಮಲ್ಲಿ ಹಾಗೇ ಇಟ್ಟಿರುತ್ತೇನೆ. ಇದುವರೆಗೆ ಒಬ್ಬರೂ "ರಕ್ತ ಎಲ್ಲಿ" ಅಂತ ಕೇಳಿಲ್ಲ.

ಮನೆಯಲ್ಲಿ ಫೋನ್ ಒಂದೇ ಇರುವವರಿಗೆ ಒಂದು ಎಚ್ಚರಿಕೆ. ಉಚಿತ ಆಟದ ಮಧ್ಯೆ ಬರುವ ಜಾಹೀರಾತು ಹೆಚ್ಚಾಗಿ ಇನ್ನೊಂದು ಗನ್ ಗೇಮಿನದ್ದೇ ಇರುತ್ತದೆ. ಇಂಟರ್ನೆಟ್ ಬೇಡದ ಆಟವಾದರೆ ಡೇಟಾ ಆಫ್ ಮಾಡಿ ಕೊಡಿ. ಇಲ್ಲವೇ ಮಿನಿ ಮೆಟ್ರೋ ತರದ್ದನ್ನು ದುಡ್ಡು ಕೊಟ್ಟೇ ಕೊಳ್ಳಿ. ಊರಿಗೆ ಮೆಟ್ರೋ ಗೆರೆ ಎಳೆಯುವ ಆಟ ಅದು, ಅದರಲ್ಲಿ ಮುಂಬೈ ಕೂಡ ಇದೆ. ಚೆಸ್ ಇಷ್ಟವಿದ್ದರೆ ಲಿಚೆಸ್ ಎಂಬ ಆ್ಯಪ್ ಉಚಿತ, ಜಾಹೀರಾತೂ ಇಲ್ಲ. ಆದರೆ ಆಟ ಆರಿಸುವ ಮೊದಲು ಒಂದು ಸಂಜೆ ಮಗುವಿನ ಪಕ್ಕ ಕೂತು, ಅದು ಈಗ ಆಡುತ್ತಿರುವುದನ್ನೇ ನೋಡಿ. ಎಲ್ಲಿ ಕಿರುಚುತ್ತದೆ, ಎಲ್ಲಿ ಬೇಜಾರಾಗಿ ಬಟನ್ ಒತ್ತುತ್ತದೆ ಗಮನಿಸಿ. ಗಾಡಿಯ ಹುಚ್ಚೋ, ಕಟ್ಟುವ ಹುಚ್ಚೋ, ಗೆಳೆಯರ ಹುಚ್ಚೋ ಗೊತ್ತಾದರೆ ಅದಕ್ಕೆ ಹೊಂದುವ ಆಟ ಖಂಡಿತ ಸಿಗುತ್ತದೆ.