ಧನು ತಿಂಗಳ ತೆಂಗಿನೆಣ್ಣೆ ಮತ್ತು ನನ್ನ ಐದನೇ ಕ್ಲಾಸು

ಕಾಸರಗೋಡಿನ ಒಳನಾಡಿನ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ನಾನು ಸಣ್ಣ ಮಕ್ಕಳಿಗೆ ವಿಜ್ಞಾನ ಕಲಿಸುತ್ತೇನೆ. ಘನ, ದ್ರವ, ಅನಿಲದ ಪಾಠವನ್ನು ಕಲ್ಲು, ನೀರು, ಗಾಳಿ ಅನ್ನುವ ಪಟ್ಟಿಯಿಂದ ಶುರು ಮಾಡುವುದನ್ನು ಬಿಟ್ಟು ಸುಮಾರು ವರ್ಷವಾಯಿತು. ಆ ಪಟ್ಟಿ ಮಕ್ಕಳಿಗೆ ಐದೇ ನಿಮಿಷದಲ್ಲಿ ಬಾಯಿಪಾಠ ಆಗುತ್ತದೆ. ತೊಂದರೆ ಇರುವುದೇ ಅಲ್ಲಿ. ಘನ ಅಂದರೆ ಒಂದು ಜಾತಿ, ದ್ರವ ಅಂದರೆ ಇನ್ನೊಂದು ಜಾತಿ ಅಂತ ತಲೆಯಲ್ಲಿ ಕೂತುಬಿಟ್ಟರೆ ಆಮೇಲೆ ಅದನ್ನು ಎಬ್ಬಿಸುವುದು ಕಷ್ಟ. ವಸ್ತು ಯಾವ ಸ್ಥಿತಿಯಲ್ಲಿದೆ ಅನ್ನುವುದು ಆ ಹೊತ್ತಿನ ಬಿಸಿ ತಂಪಿನ ಮೇಲೆ ಹೋಗುತ್ತದೆ. ಅದೇ ಪಾಠದ ತಿರುಳು, ಅಲ್ವಾ?

ಅದಕ್ಕೇ ಈ ಪಾಠವನ್ನು ಡಿಸೆಂಬರಿಗೆ ತಳ್ಳುತ್ತೇನೆ. ಪುಸ್ತಕದಲ್ಲಿ ಮೊದಲೇ ಬಂದರೂ ಬರಲಿ. ಕಾರಣ ತೆಂಗಿನೆಣ್ಣೆ.

ಮಂಜುಗಡ್ಡೆಯೂ ಒಳ್ಳೆಯ ಉದಾಹರಣೆಯೇ. ಆದರೆ ನಮ್ಮೂರಲ್ಲಿ ನೀರು ತಾನಾಗಿ ಗಡ್ಡೆ ಕಟ್ಟುವುದನ್ನು ಯಾವ ಮಗುವೂ ನೋಡಿಲ್ಲ. ಅದೇನಿದ್ದರೂ ಫ್ರಿಜ್ಜಿನ ಕೆಲಸ. ತೆಂಗಿನೆಣ್ಣೆ ಹಾಗಲ್ಲ. ಅದು ಗಟ್ಟಿಯಾಗುವುದೂ ಕರಗುವುದೂ 24-25 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ. ಧನು ತಿಂಗಳ ಬೆಳಗಿನ ಚಳಿ ಅದಕ್ಕಿಂತ ಕೆಳಗೆ, ಮಧ್ಯಾಹ್ನದ ಸೆಕೆ ಅದಕ್ಕಿಂತ ಮೇಲೆ. ಹಾಗಾಗಿ ಯಾರೂ ಏನೂ ಮಾಡದೆಯೇ ಒಂದೇ ಹಗಲಿನಲ್ಲಿ ಎಣ್ಣೆ ಎರಡು ಸ್ಥಿತಿ ತೋರಿಸುತ್ತದೆ. ಬೆಳಿಗ್ಗೆ ತಲೆಗೆ ಎಣ್ಣೆ ಹಚ್ಚಲು ಬಾಟಲಿಯನ್ನು ಬಿಸಿನೀರಲ್ಲಿ ಇಡುವುದು ಎಲ್ಲರ ಮನೆಯಲ್ಲೂ ಉಂಟು. ಮಕ್ಕಳಿಗೆ ಅರ್ಧ ಪಾಠ ಮನೆಯಲ್ಲೇ ಆಗಿರುತ್ತದೆ.

ಹಿಂದಿನ ದಿನ ಸಂಜೆ ಒಂದು ಗಾಜಿನ ಬಾಟಲಿಯಲ್ಲಿ ಗಾಣದ ತೆಂಗಿನೆಣ್ಣೆ, ಇನ್ನೊಂದರಲ್ಲಿ ಸೂರ್ಯಕಾಂತಿ ಎಣ್ಣೆ, ಮೂರನೆಯದರಲ್ಲಿ ತುಪ್ಪ ಹಾಕಿ ಕ್ಲಾಸಿನ ಕಿಟಕಿಯಲ್ಲಿ ಇಡುತ್ತೇನೆ. ಬೆಳಿಗ್ಗೆ ನೋಡಿದರೆ ತೆಂಗಿನೆಣ್ಣೆ ಬೆಳ್ಳಗೆ ಹೆಪ್ಪುಗಟ್ಟಿರುತ್ತದೆ. ಸೂರ್ಯಕಾಂತಿ ಎಣ್ಣೆ ಹಾಗೇ ಹರಿಯುತ್ತಿರುತ್ತದೆ. ತುಪ್ಪ ಹರಳು ಹರಳಾಗಿ, ಅತ್ತಲೂ ಅಲ್ಲ ಇತ್ತಲೂ ಅಲ್ಲ. ಮೂರಕ್ಕೂ ಬಿದ್ದದ್ದು ಒಂದೇ ಚಳಿ. "ಎಂತಕ್ಕೆ ಟೀಚರೇ ಅದು ಮಾತ್ರ ಗಟ್ಟಿ ಆಗ್ಲಿಲ್ಲ?" ಅಂತ ಅವರೇ ಕೇಳುತ್ತಾರೆ. ಒಂದೊಂದು ವಸ್ತುವಿಗೆ ಒಂದೊಂದು ಲೆಕ್ಕ ಅಂತ ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ. ಕಬ್ಬಿಣ ಕರಗಲು 1538 ಡಿಗ್ರಿ ಬೇಕು ಅಂದಾಗ ಕಣ್ಣು ಅಗಲ ಆಗುತ್ತದೆ. ಗಾಳಿಯಲ್ಲಿರುವ ನೈಟ್ರೋಜನ್ ಕೂಡ ಮೈನಸ್ 196 ಡಿಗ್ರಿಗೆ ಇಳಿಸಿದರೆ ದ್ರವ ಆಗುತ್ತದೆ ಅಂದಾಗ ಇನ್ನೂ ಅಗಲ.

ಆಮೇಲೆ ಹೆಪ್ಪುಗಟ್ಟಿದ ಬಾಟಲಿಯನ್ನು ಉಗುರುಬೆಚ್ಚಗಿನ ನೀರಿನ ಪಾತ್ರೆಯಲ್ಲಿ ಇಟ್ಟು ಸುತ್ತ ಕೂರಿಸುತ್ತೇನೆ. ಮೊದಲು ಗಾಜಿಗೆ ಅಂಟಿದ ಜಾಗ ಕನ್ನಡಿಯಾಗುತ್ತದೆ. ನಡುವಿನ ಬಿಳಿ ಗಡ್ಡೆ ಬಿಟ್ಟುಕೊಂಡು ಎಣ್ಣೆಯೊಳಗೆ ಕೆಳಗೆ ಕೂರುತ್ತದೆ. ಇಲ್ಲಿ ಒಂದು ಲೋಟದಲ್ಲಿ ನೀರು, ಐಸ್ ತುಂಡು ಪಕ್ಕಕ್ಕೆ ಇಡಿ. ಐಸ್ ತೇಲುತ್ತದೆ, ಎಣ್ಣೆಯ ಗಡ್ಡೆ ಮುಳುಗುತ್ತದೆ. ಹೆಚ್ಚಿನ ವಸ್ತುಗಳು ಗಟ್ಟಿಯಾದಾಗ ಕುಗ್ಗುತ್ತವೆ, ನೀರು ಹಾಗಲ್ಲ, ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ. ಇದು ಐದನೇ ಕ್ಲಾಸಿಗೆ ಜಾಸ್ತಿಯಾಯಿತು ಅನ್ನುವವರಿದ್ದಾರೆ. ನನಗೆ ಹಾಗೆ ಅನಿಸಿಲ್ಲ. ಕಣ್ಣೆದುರು ಕಂಡದ್ದಕ್ಕೆ ಕ್ಲಾಸಿನ ಲೆಕ್ಕ ಎಂತದ್ದು?

ಥರ್ಮಾಮೀಟರ್ ಬೇಕಾದರೆ ಪ್ರಯೋಗಾಲಯದ್ದೇ ಬೇಕು. ಜ್ವರ ನೋಡುವುದು ನಡೆಯುವುದಿಲ್ಲ, ಅದು ಶುರುವಾಗುವುದೇ 35ರ ಹತ್ತಿರ. ಹೈಸ್ಕೂಲಿನಿಂದ ಕಡ ತಂದರೆ ಸಾಕು.

ಅಕ್ಕಿಯ ಪ್ರಶ್ನೆ ಎದ್ದೇ ಏಳುತ್ತದೆ. ದ್ರವ ಪಾತ್ರೆಯ ಆಕಾರ ತಾಳುತ್ತದೆ ಅಂತ ಪುಸ್ತಕ ಹೇಳುತ್ತದೆ. ಅಕ್ಕಿಯೂ ಸೇರಿಗೆ ಹಾಕಿದರೆ ಸೇರಿನ ಆಕಾರ, ಚೀಲಕ್ಕೆ ಹಾಕಿದರೆ ಚೀಲದ ಆಕಾರ! ಹಾಗಾದರೆ ಅಕ್ಕಿ ದ್ರವವೇ? ಯಾರೂ ಕೇಳದಿದ್ದರೆ ನಾನೇ ಕೇಳುತ್ತೇನೆ. ತಟ್ಟೆಗೆ ಒಂದು ಮುಷ್ಟಿ ಅಕ್ಕಿ ಸುರಿದರೆ ರಾಶಿ ನಿಲ್ಲುತ್ತದೆ, ನೀರು ಸುರಿದರೆ ನಿಲ್ಲುವುದಿಲ್ಲ. ಒಂದೇ ಕಾಳನ್ನು ಅಂಗೈಯಲ್ಲಿಟ್ಟು ನೋಡಿದರೆ ಅದರ ಆಕಾರ ಅದಕ್ಕೇ ಉಂಟು. ಸಕ್ಕರೆ, ಉಪ್ಪು, ಹೊಯಿಗೆ ಎಲ್ಲ ಹೀಗೆಯೇ.

ಗಾಳಿಯ ಭಾಗ ಬೇಗ ಮುಗಿಯುತ್ತದೆ. ಮೆಡಿಕಲ್ಲಿನಿಂದ ಸೂಜಿ ಇಲ್ಲದ ಸಿರಿಂಜು ತಂದು ಕೊಡುತ್ತೇನೆ. ಬಾಯಿಗೆ ಬೆರಳು ಒತ್ತಿ ಹಿಡಿದರೆ ಒಳಗಿನ ಗಾಳಿಯನ್ನು ಒತ್ತಬಹುದು, ಬಿಟ್ಟರೆ ವಾಪಸು ಬರುತ್ತದೆ. ನೀರು ತುಂಬಿ ಒತ್ತಿದರೆ ಜಪ್ಪಯ್ಯ ಅಂದರೂ ಜಗ್ಗುವುದಿಲ್ಲ. ಕಣಗಳ ನಡುವೆ ಜಾಗ ಎಷ್ಟು ಅನ್ನುವುದು ಬೆರಳಿಗೇ ಗೊತ್ತಾಗುತ್ತದೆ. ಅಂಗಳದಲ್ಲಿ ಮಕ್ಕಳನ್ನೇ ಕಣಗಳನ್ನಾಗಿ ಮಾಡಿ ಆಡಿಸುವುದೂ ಉಂಟು. ಒತ್ತಾಗಿ ನಿಂತಲ್ಲೇ ನಡುಗಿದರೆ ಘನ, ತಾಗಿಕೊಂಡೇ ಜಾರಿದರೆ ದ್ರವ, ದಿಕ್ಕಾಪಾಲು ಓಡಿದರೆ ಅನಿಲ. ಆಟದ ನಡುವೆ ಒಂದು ಮಾತು ಮರೆಯದೆ ಕೇಳುತ್ತೇನೆ: "ಓಡುವಾಗ ನೀವು ಕರಗಿದಿರಾ? ಉಬ್ಬಿದಿರಾ?" ಎಣ್ಣೆ ಕರಗಿದಾಗ ಒಳಗಿನ ಕಣವೂ ಮೆತ್ತಗಾಗುತ್ತದೆ ಅಂತ ಎಷ್ಟೋ ಮಕ್ಕಳು ನಂಬಿರುತ್ತಾರೆ.

ಹಬೆಯ ಹತ್ತಿರ ನಿಧಾನ ಮಾಡಬೇಕು. ಬಿಸಿಯೂಟದ ಅಡುಗೆಮನೆಯಲ್ಲಿ ಕೆಟ್ಲಿನಲ್ಲಿ ನೀರು ಕುದಿಸಿ, ದೂರದಿಂದಲೇ ಮೂತಿ ನೋಡಲು ಹೇಳುತ್ತೇನೆ. ಮೂತಿಗೆ ತಾಗಿದಲ್ಲಿ ಏನೂ ಕಾಣುವುದಿಲ್ಲ. ಸ್ವಲ್ಪ ಆಚೆ ಬಿಳಿ ಹೊಗೆಯ ಹಾಗೆ ಏಳುತ್ತದೆ. ನಿಜವಾದ ಆವಿ ಇರುವುದು ಆ ಕಾಣದ ಜಾಗದಲ್ಲಿ. ಬೆಳ್ಳಗೆ ಕಾಣುವುದು ತಂಪಾಗಿ ಮತ್ತೆ ಹನಿಯಾದ ನೀರು. ದೊಡ್ಡವರಿಗೂ ಇದು ಹೊಸ ಸುದ್ದಿ. ಅಡುಗೆಯ ಅಕ್ಕ ಸೌಟು ಹಿಡಿದುಕೊಂಡೇ ಬಗ್ಗಿ ನೋಡಿದರು.

ಆವಿಯಾಗಲು ಕುದಿಯಲೇಬೇಕು ಅನ್ನುವ ಮಕ್ಕಳಿಗೆ ಅಡಿಕೆ ಅಂಗಳ ಸಾಕು. ಸಿಪ್ಪೆ ಸಮೇತ ಒಣಗಿಸುವ ಚಾಲಿ ಅಡಿಕೆ ಒಂದೂವರೆ ತಿಂಗಳು ಬಿಸಿಲಲ್ಲಿ ಒಣಗುತ್ತದೆ. ಅಲ್ಲಿ ಯಾರು ಒಲೆ ಹಚ್ಚಿದ್ದಾರೆ? ತೋಟದ ಮನೆಯ ಮಕ್ಕಳಿಗೆ ಎರಡು ಹಣ್ಣಡಿಕೆ ಗುರುತು ಮಾಡಿ ವಾರಕ್ಕೊಮ್ಮೆ ತೂಗಿ ಬರೆಯುವ ಕೆಲಸ ಕೊಡುತ್ತೇನೆ. ಶಾಲೆಯ ಹತ್ತಿರದ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯೇ ನಮ್ಮ ಲ್ಯಾಬ್.

ದೊಡ್ಡ ಜಗಳ ನಡೆಯುವುದು ರಬ್ಬರಿನ ಮೇಲೆ. ರಬ್ಬರ್ ಮರದಿಂದ ಹಾಲು ಇಳಿಸುವ ಟ್ಯಾಪಿಂಗ್ ಮಾಡುವವರ ಮನೆಯ ಹುಡುಗನೊಬ್ಬ ಎದ್ದು, "ರಬ್ಬರ್ ಹಾಲು ದ್ರವ, ಶೀಟು ಘನ. ಅದೂ ಎಣ್ಣೆಯ ಹಾಗೆಯೇ ಅಲ್ವಾ ಟೀಚರೇ?" ಅಂದ. ಕ್ಲಾಸು ಎರಡು ಪಕ್ಷವಾಯಿತು. ನಾನು ಉತ್ತರ ಹೇಳಲಿಲ್ಲ. ಯಕ್ಷಗಾನದಲ್ಲಿ ವೇಷ ಕಳಚಿದರೆ ಚೌಕಿಯಲ್ಲಿ, ಅಂದರೆ ಬಣ್ಣದ ಕೋಣೆಯಲ್ಲಿ, ಹಳೆಯ ಮನುಷ್ಯನೇ ಸಿಗಬೇಕು, ಶೀಟಿನಿಂದ ಹಾಲು ಸಿಗುತ್ತದಾ ನೋಡಿ ಅಂದೆ. ಮರುದಿನ ಅವನು ಮನೆಯಿಂದ ಶೀಟಿನ ತುಂಡು ತಂದ. ಬಿಸಿನೀರಿಗೆ ಹಾಕಿದೆವು. ಮೆತ್ತಗಾಯಿತೇ ಹೊರತು ಹಾಲಾಗಲಿಲ್ಲ. ಹಾಲಿಗೆ ಆಸಿಡ್ ಹಾಕಿದರೆ ಅದು ಗಟ್ಟಿಯಾಗುವುದು, ಚಳಿಗೆ ಅಲ್ಲ ಅಂತ ಅವನೇ ವಿವರಿಸಿದ. ನೀರಲ್ಲಿ ತೇಲಾಡುತ್ತಿದ್ದ ರಬ್ಬರಿನ ಕಣಗಳು ಫಾರ್ಮಿಕ್ ಆಸಿಡ್ ಬಿದ್ದಾಗ ಒಂದಕ್ಕೊಂದು ಅಂಟಿಕೊಂಡು ನೀರಿನಿಂದ ಬೇರೆಯಾಗುತ್ತವೆ ಅಂತ ನಾನು ಸೇರಿಸಿದೆ. ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಇನ್ನೊಬ್ಬಳು ಕೇಳಿದಳು: "ಹಾಗಾದ್ರೆ ಮೊಸರು? ಬೇಯಿಸಿದ ಮೊಟ್ಟೆ?" ಅದನ್ನು ಮರುದಿನದ ಮನೆಕೆಲಸವಾಗಿ ಕೊಟ್ಟೆ.