ಮ್ಯಾಂಡರಿನ್ ಮೀನಿಗೆ ಉಣ್ಣಲು ಕಲಿಸುವುದು ಹೇಗೆ?

ಹುಬ್ಬಳ್ಳಿ-ಧಾರವಾಡದಲ್ಲಿ ಉಪ್ಪುನೀರಿನ ಹವಳದ ಟ್ಯಾಂಕ್ ಇಟ್ಟುಕೊಂಡವರು ಕಡಿಮೆ. ಆದರೆ ಅವರಲ್ಲಿ ನೀಲಿ-ಕಿತ್ತಳೆ ಗೆರೆಗಳ ಮ್ಯಾಂಡರಿನ್ ಮೀನನ್ನು ಆಸೆಪಟ್ಟು ತಂದು ತಿಂಗಳೆರಡರಲ್ಲಿ ಕಳೆದುಕೊಂಡವರು ಕಡಿಮೆಯಲ್ಲ. ಈ ಮೀನಿಗೆ ಹುರುಪೆ ಇಲ್ಲ, ಮೈತುಂಬ ದಪ್ಪ ಲೋಳೆ ಇರುವುದರಿಂದ ಬಿಳಿಚುಕ್ಕೆ ರೋಗವೂ ಸುಲಭವಾಗಿ ತಗಲುವುದಿಲ್ಲ. ಅದು ಹೆಚ್ಚಾಗಿ ಸಾಯುವುದು ಹಸಿವಿನಿಂದ. ಪಶ್ಚಿಮ ಪೆಸಿಫಿಕ್‌ನ ಹವಳದ ದಿಬ್ಬಗಳಲ್ಲಿ ಕೊಪೆಪಾಡ್ ಎಂಬ ಅತಿ ಸಣ್ಣ ಜೀವಿಗಳನ್ನು ದಿನವಿಡೀ ಒಂದೊಂದಾಗಿ ಹೆಕ್ಕಿ ತಿನ್ನುವ ಈ ಮೀನಿನ ಲೆಕ್ಕದಲ್ಲಿ ಅಲುಗಾಡದ್ದು ಆಹಾರವೇ ಅಲ್ಲ. ಆದ್ದರಿಂದ ಮೊದಲು ಊಟದ ವ್ಯವಸ್ಥೆ ಆಗಬೇಕು, ಆಮೇಲೆ ಮೀನು ಬರಬೇಕು.

ನೀರಿನ ವಿಷಯವನ್ನು ಬೇಗ ಮುಗಿಸೋಣ. ಕ್ಲೋರಿನ್ ಬೆರೆತ ಮಲಪ್ರಭೆಯ ನಲ್ಲಿ ನೀರಾಗಲಿ, ಬೋರ್‌ವೆಲ್‌ನ ಗಡಸು ನೀರಾಗಲಿ ನೇರವಾಗಿ ಬಳಸಲು ಬರುವುದಿಲ್ಲ. ನೀರಿನಲ್ಲಿ ಕರಗಿದ ಲವಣವನ್ನು ಅಳೆಯುವ ಟಿಡಿಎಸ್ ಮೀಟರಿನಲ್ಲಿ ಸೊನ್ನೆ ತೋರಿಸುವ, ಅಂದರೆ ಲವಣಗಳನ್ನು ಪೂರ್ತಿ ತೆಗೆದ ಆರ್‌ಓ-ಡಿಐ ನೀರಿಗೆ ಸಮುದ್ರದ ಉಪ್ಪಿನ ಮಿಶ್ರಣ ಬೆರೆಸಿ ಸಾಂದ್ರತೆಯನ್ನು 1.025ಕ್ಕೆ, ಉಷ್ಣತೆಯನ್ನು 25-26 ಡಿಗ್ರಿಗೆ ನಿಲ್ಲಿಸಬೇಕು. ಅಡುಗೆಮನೆಯ ಆರ್‌ಓ ಸಾಕೆಂದು ಹೇಳುವವರ ಮಾತು ಕೇಳಬೇಡಿ, ಅದರ ನೀರಿನಲ್ಲಿ ಲವಣಗಳು ಉಳಿದೇ ಇರುತ್ತವೆ. ಏಪ್ರಿಲ್ ಬಿಸಿಲಿನಲ್ಲಿ ನೀರಿನ ಮೇಲ್ಮೈಗೆ ಸಣ್ಣ ಫ್ಯಾನ್ ಇಟ್ಟರೆ ನಮ್ಮ ಒಣಹವೆಗೆ ಎರಡು-ಮೂರು ಡಿಗ್ರಿ ಇಳಿಯುತ್ತದೆ. ಆವಿಯಾದ ನೀರಿನ ಜಾಗಕ್ಕೆ ಉಪ್ಪು ಬೆರೆಸದ ಆರ್‌ಓ-ಡಿಐ ನೀರನ್ನೇ ತುಂಬಬೇಕು, ಏಕೆಂದರೆ ಉಪ್ಪು ಆವಿಯಾಗುವುದಿಲ್ಲ.

ಅನಂತರ ಕಾಯಬೇಕು. ನೂರು-ನೂರೈವತ್ತು ಲೀಟರಿನ ಟ್ಯಾಂಕಿನಲ್ಲಿ ಜೀವಂತ ಕಲ್ಲುಗಳು (ಸಣ್ಣ ಜೀವಿಗಳು ನೆಲೆಸಿದ ಹವಳದ ಕಲ್ಲುಗಳು) ಪಳಗಲು ಕನಿಷ್ಠ ಆರು ತಿಂಗಳು ಬೇಕು. ಟ್ಯಾಂಕಿನ ಪಕ್ಕದಲ್ಲಿ ಅದೇ ನೀರು ಹರಿಯುವ ಒಂದು ಚಿಕ್ಕ ಕೋಣೆ ಮಾಡಿ, ಅಲ್ಲಿ ಕೀಟೊ ಎಂಬ ನೂಲಿನಂಥ ಹಸಿರು ಪಾಚಿ ಬೆಳೆಸಿದರೆ ಕೊಪೆಪಾಡ್‌ಗಳಿಗೆ ಅಡಗುದಾಣ ಸಿಗುತ್ತದೆ. ದೀಪ ಆರಿಸಿದ ಒಂದು ತಾಸಿನ ನಂತರ ಗಾಜಿಗೆ ಟಾರ್ಚ್ ಹಿಡಿಯಿರಿ. ಬಿಳಿ ಚುಕ್ಕೆಗಳು ಜಿಗಿಜಿಗಿದು ಓಡಾಡುತ್ತಿದ್ದರೆ ಮೀನು ತರುವ ವಿಚಾರ ಮಾಡಬಹುದು. ಸಿಕ್ಸ್‌ಲೈನ್ ರಾಸ್‌ನಂತಹ ಮೀನು ಈಗಾಗಲೇ ಇದ್ದರೆ ಈ ಆಸೆ ಬಿಡುವುದು ಒಳ್ಳೆಯದು, ಅದು ಇದೇ ಊಟಕ್ಕೆ ಪೈಪೋಟಿ ಮಾಡುತ್ತದೆ. ಕೊಪೆಪಾಡ್ ಬಾಟಲಿ ಕೊಳ್ಳುವಾಗಲೂ ಬೆಳಕಿಗೆ ಹಿಡಿದು ನೋಡಿ: ಬೇಸಿಗೆಯಲ್ಲಿ ಪಾರ್ಸಲ್ ಬಂದ ಎಷ್ಟೋ ಬಾಟಲಿಗಳಲ್ಲಿ ಇರುವುದು ವಾಸನೆ ಬಡಿದ ನೀರು ಮಾತ್ರ.

ಕೊಳ್ಳುವಾಗ ಮೀನನ್ನು ಮೇಲಿನಿಂದ ನೋಡಬೇಕು. ತಲೆಯ ಹಿಂದೆ ಮೈ ಕುಗ್ಗಿದ್ದರೆ, ಹೊಟ್ಟೆ ಒಳಗೆ ಸೇರಿದ್ದರೆ ಎಷ್ಟೇ ಅಗ್ಗವಾದರೂ ಬೇಡ. ಅಂಗಡಿಯವರು ನಿಮ್ಮೆದುರಿಗೆ ಆಹಾರ ಹಾಕಿ ತೋರಿಸದಿದ್ದರೆ ಬರಿಗೈಯಲ್ಲಿ ಮರಳಿ. ತೊಟ್ಟಿಯಲ್ಲೇ ಹುಟ್ಟಿ ಬೆಳೆದ ಮರಿ ಸಿಕ್ಕರೆ ಹೆಚ್ಚು ಹಣ ಕೊಟ್ಟಾದರೂ ಅದನ್ನೇ ತನ್ನಿ.

ಬಹಳಷ್ಟು ಜನ ಎಡವುವುದು ಇಲ್ಲಿಂದ ಮುಂದೆ. ಬಂದ ಮೀನನ್ನು ನೇರವಾಗಿ ಟ್ಯಾಂಕಿಗೆ ಬಿಟ್ಟರೆ ಅದು ಕಲ್ಲಿನ ಸಂದಿಯಲ್ಲಿ ಏನು ತಿಂದಿತು, ಎಷ್ಟು ತಿಂದಿತು ಎಂಬುದು ನಿಮಗೆ ತಿಳಿಯುವುದೇ ಇಲ್ಲ. ಟ್ಯಾಂಕಿನೊಳಗೇ ತೂಗುಹಾಕುವ ಜಾಲರಿ ಡಬ್ಬಿಯಲ್ಲಿ, ಒಂದು ಸಣ್ಣ ಕಲ್ಲಿನ ಜೊತೆ, ಅದನ್ನು ಎರಡು-ಮೂರು ವಾರ ಇಡಬೇಕು. ಮೊದಲ ಊಟ ಆಗತಾನೆ ಮೊಟ್ಟೆಯೊಡೆದ ಆರ್ಟೀಮಿಯಾ ಎಂಬ ಉಪ್ಪುನೀರಿನ ಪುಟ್ಟ ಸೀಗಡಿಯ ಮರಿಗಳು. ತಳ ಕತ್ತರಿಸಿದ ಪ್ಲಾಸ್ಟಿಕ್ ಬಾಟಲಿಯನ್ನು ತಲೆಕೆಳಗಾಗಿ ನಿಲ್ಲಿಸಿ, ಲೀಟರ್ ನೀರಿಗೆ ಸುಮಾರು 25 ಗ್ರಾಂ ಉಪ್ಪು, ಚಿಟಿಕೆ ಅಡುಗೆ ಸೋಡಾ, ಅರ್ಧ ಚಮಚ ಆರ್ಟೀಮಿಯಾ ಮೊಟ್ಟೆ ಹಾಕಿ, ಗಾಳಿಯ ನಳಿಕೆಯನ್ನು ಅಡಿಯವರೆಗೆ ಇಳಿಸಿ ಜೋರಾಗಿ ಗುಳ್ಳೆ ಬಿಡಿ. 28 ಡಿಗ್ರಿಯಲ್ಲಿ ಒಂದು ದಿನದಲ್ಲಿ ಒಡೆಯುತ್ತವೆ. ಧಾರವಾಡದ ಡಿಸೆಂಬರ್ ಚಳಿಯಲ್ಲಿ ಬಾಟಲಿಯ ಪಕ್ಕ ಬಲ್ಬ್ ಉರಿಸದಿದ್ದರೆ ಇನ್ನೂ ತಡವಾಗುತ್ತದೆ. ಗಾಳಿ ನಿಲ್ಲಿಸಿ ಹತ್ತು ನಿಮಿಷ ಬಿಟ್ಟರೆ ಸಿಪ್ಪೆ ಮೇಲೆ ತೇಲುತ್ತದೆ, ಒಡೆಯದ ಮೊಟ್ಟೆ ತಳ ಸೇರುತ್ತದೆ, ಅದರ ಸ್ವಲ್ಪ ಮೇಲೆ ಕಿತ್ತಳೆ ಬಣ್ಣದ ಮರಿಗಳು ಮೋಡದಂತೆ ಕೂಡುತ್ತವೆ. ಆ ಮೋಡವನ್ನಷ್ಟೇ ಸಣ್ಣ ನಳಿಕೆಯಿಂದ ಹೀರಿ, ತೆಳು ಬಟ್ಟೆಯಲ್ಲಿ ಸೋಸಿ, ಕೂಡಲೇ ಹಾಕಬೇಕು. ತಾಸುಗಳು ಉರುಳಿದಂತೆ ಮರಿಗಳು ತಮ್ಮ ಹೊಟ್ಟೆಯ ಹಳದಿಯನ್ನು ತಾವೇ ಖರ್ಚು ಮಾಡಿ ಸತ್ವ ಕಳೆದುಕೊಳ್ಳುತ್ತವೆ.

ಮೀನು ಇದನ್ನು ಧೈರ್ಯದಿಂದ ಹೆಕ್ಕತೊಡಗಿದ ಮೇಲೆ ಜೀವಂತ ಮರಿಗಳ ಜೊತೆ ಕರಗಿಸಿದ ಫ್ರೋಜನ್ ಸೈಕ್ಲಾಪ್ಸ್ (ಒಂದು ಬಗೆಯ ಕೊಪೆಪಾಡ್) ಅಥವಾ ಸಣ್ಣಗೆ ಹೆಚ್ಚಿದ ಮೈಸಿಸ್ (ಸೀಗಡಿಯಂಥ ಸಣ್ಣ ಜೀವಿ) ಬೆರೆಸಿ. ನೀರಿನ ಪಂಪ್ ನಿಲ್ಲಿಸಿ, ಡ್ರಾಪರ್‌ನ ತುದಿಯನ್ನು ಮೀನಿನ ಮೂತಿಯಿಂದ ಎರಡು ಬೆರಳು ದೂರದಲ್ಲಿ ಹಿಡಿದು, ಹನಿಹನಿಯಾಗಿ ಒತ್ತಿದರೆ ಸತ್ತ ತುಣುಕೂ ಸ್ವಲ್ಪ ಅಲುಗುತ್ತದೆ. ಆಗ ಮೀನು ಒಂದು ಕ್ಷಣ ತಡೆದು, ಕಣ್ಣು ತಿರುಗಿಸಿ, ಮೂತಿ ಚಾಚಿ ಚಕ್ಕನೆ ಎಳೆದುಕೊಳ್ಳುತ್ತದೆ. ಬಾಯಿಗೆ ಹಾಕಿ ಉಗುಳಿದರೂ ಬೇಸರ ಬೇಡ, ರುಚಿ ನೋಡಿದ್ದೇ ದೊಡ್ಡದು. ದಿನಕ್ಕೆ ಮೂರು-ನಾಲ್ಕು ಬಾರಿ ಕೊಡುತ್ತ, ಜೀವಂತ ಮರಿಗಳ ಪಾಲನ್ನು ನಿಧಾನವಾಗಿ ಇಳಿಸುತ್ತ ಹೋಗಬೇಕು. ಹೊಟ್ಟೆ ಕುಗ್ಗುತ್ತಿದೆ ಎನ್ನಿಸಿದ ದಿನವೇ ಜೀವಂತ ಆಹಾರಕ್ಕೆ ಮರಳಿ. ಉಪವಾಸ ಕೆಡವಿ ದಾರಿಗೆ ತರುತ್ತೇವೆ ಎನ್ನುವುದು ಈ ಮೀನಿನ ಮಟ್ಟಿಗೆ ಕೊಲೆಯೇ ಸರಿ. ಹಸಿವು ಹೆಚ್ಚಿಸುತ್ತದೆಂದು ಮಾರುವ ಬೆಳ್ಳುಳ್ಳಿ ರಸದ ಶೀಶೆಗೆ ದುಡ್ಡು ಸುರಿಯಬೇಡಿ, ಒಣಗಿಸಿದ ಹುಳುವಿನ ಡಬ್ಬಿಯಂತೂ ಬೇಡವೇ ಬೇಡ.

ಟ್ಯಾಂಕಿಗೆ ಬಿಟ್ಟ ಮೇಲೆ ಚುರುಕಾದ ಮೀನುಗಳು ಇದರ ತುತ್ತು ಕಸಿಯುತ್ತವೆ. ಅದಕ್ಕೆ ಕಿರುಬಾಯಿಯ ಗಾಜಿನ ಬಾಟಲಿಯೊಂದನ್ನು ಮರಳಿನ ಮೇಲೆ ಮಲಗಿಸಿ, ಅದರೊಳಗೆ ನಳಿಕೆಯಿಂದ ಆಹಾರ ಬಿಡಿ; ಮ್ಯಾಂಡರಿನ್ ತೆವಳುತ್ತ ಒಳಗೆ ಹೋಗುವುದನ್ನು ಬೇಗ ಕಲಿಯುತ್ತದೆ, ಉಳಿದವು ಬಹುತೇಕ ಬಾಗಿಲಲ್ಲೇ ನಿಲ್ಲುತ್ತವೆ. ಉಳಿದ ಆಹಾರವನ್ನು ಅರ್ಧ ತಾಸಿನೊಳಗೆ ಹೀರಿ ತೆಗೆಯದಿದ್ದರೆ ನೈಟ್ರೇಟ್ ಏರಿ ಹವಳಗಳು ಕಂದುತ್ತವೆ. ಊರಿಗೆ ಹೋಗುವಾಗ ಸ್ವಯಂಚಾಲಿತ ಫೀಡರ್ ನಂಬದೆ, ಮೊದಲೇ ಒಂದೆರಡು ಬಾರಿ ಮಾಡಿಸಿ ಅಭ್ಯಾಸವಾದ ಮನೆಯವರಿಗೋ ನೆರೆಯವರಿಗೋ ಡ್ರಾಪರ್ ಒಪ್ಪಿಸಿ, ಕರೆಂಟ್ ಹೋದಾಗ ಬೇಕಾಗುವ ಬ್ಯಾಟರಿಯ ಗಾಳಿ ಪಂಪ್ ಎಲ್ಲಿದೆ ಎಂಬುದನ್ನೂ ತೋರಿಸಿ ಹೋಗಿ.